ಮೂರು ಕೊಕ್ಕರೆ, ಒಂದು ಸೌಟು

ಸ್ಕೋಕಿ ಎಂಬ ಊರಿನ ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಮಲಗುವ ಕೋಣೆ. ಒಂದರಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ಇಂಗ್ಲೆಂಡಿನ ಜಮೀನ್ದಾರರು. ಮನೆಗೆ ಬಂದವರಿಗೆಲ್ಲ ಅಮ್ಮ ಹೀಗೇ ಹೇಳುತ್ತಿದ್ದಳು, ಒಂದಿಷ್ಟೂ ನಗದೆ. ಬಂದವರು ಬಾಗಿಲು ತೆಗೆದು ನೋಡಿದರೆ ನೆಲದಿಂದ ಸೂರಿನವರೆಗೆ ಹಳೆಯ ಪುಸ್ತಕಗಳು, ಕಿಟಕಿಯ ಕೆಳಗೆ ಅಪ್ಪನ ಇಳಿಜಾರು ಮೇಜು, ಅದರ ಮೇಲೊಂದು ಭೂತಗನ್ನಡಿ. ನಮ್ಮಪ್ಪ ಆ ಪುಸ್ತಕಗಳನ್ನು ಓದುತ್ತಿದ್ದ ಎಂದುಕೊಂಡರೆ ತಪ್ಪು. ಅವನು ಮುಂದಿನ ರಟ್ಟನ್ನು ತೆಗೆದು, ಅದರ ಒಳಮೈಯನ್ನು ನೋಡಿ, ಮುಚ್ಚಿಬಿಡುತ್ತಿದ್ದ. ಅಲ್ಲಿ ಅಂಗೈಯಗಲದ ಒಂದು ಕಾಗದ ಅಂಟಿರುತ್ತಿತ್ತು. ಇದು ಯಾರ ಪುಸ್ತಕ ಎಂದು ಹೇಳುವ ಬುಕ್‌ಪ್ಲೇಟ್. ಹಿಂದೆ ಇಂಗ್ಲೆಂಡಿನ ದೊಡ್ಡ ಮನೆತನದವರು ಬರೀ ಹೆಸರು ಬರೆದು ಸುಮ್ಮನಾಗುತ್ತಿರಲಿಲ್ಲ. ತಮ್ಮ ಮನೆಯ ಲಾಂಛನವನ್ನು, ಅಂದರೆ ಒಂದು ಗುರಾಣಿ, ಅದರೊಳಗೊಂದು ಸಿಂಹವೋ ಹಕ್ಕಿಯೋ, ಮೇಲೊಂದು ಶಿರಸ್ತ್ರಾಣ, ಕೆಳಗೊಂದು ಲ್ಯಾಟಿನ್ ಮಾತು, ಇಷ್ಟನ್ನೂ ತಾಮ್ರದ ಹಾಳೆಯ ಮೇಲೆ ಕೊರೆಸಿ, ಅಚ್ಚು ಹಾಕಿಸಿ, ಪ್ರತಿ ಪುಸ್ತಕಕ್ಕೂ ಅಂಟಿಸುತ್ತಿದ್ದರು. ಯಾರಾದರೂ ಹಿರಿಯರು ತೀರಿಕೊಂಡು, ಅವರ ಮನೆಯ ಸಾಮಾನನ್ನೆಲ್ಲ ಮನೆಯಲ್ಲೇ ಮಾರಾಟಕ್ಕಿಡುವ ಎಸ್ಟೇಟ್ ಸೇಲ್ ಎಲ್ಲಿ ನಡೆದರೂ ಅಪ್ಪ ಶನಿವಾರ ಬೆಳಿಗ್ಗೆ ಅಲ್ಲಿ ಹಾಜರು. ಬೇರೆಯವರು ಸೋಫಾ, ಲಾನ್‌ಮೋವರ್ ನೋಡುತ್ತಿದ್ದರೆ ಇವನು ಪುಸ್ತಕದ ರಟ್ಟು ತೆಗೆದು ತೆಗೆದು ಮುಚ್ಚುತ್ತಿದ್ದ.

"ಏನ್ರೀ, ಬೇರೆಯವರ ಮುತ್ತಜ್ಜನ ಗುರುತು ಕಟ್ಕೊಂಡು ನಿಮಗೇನಾಗ್ಬೇಕು?"

"ನೋಡೇ, ಈ ಗೆರೆ ನೋಡು. ಎಷ್ಟು ಕ್ಲೀನಾಗಿದೆ."

"ಗೆರೆ ಅಂತೆ. ಇಲ್ಲಿ ಬಟ್ಟೆ ಒಣಗ್‌ಹಾಕೋಕೆ ಜಾಗ ಇಲ್ಲ."

ಗೆರೆಯ ವಿಷಯದಲ್ಲಿ ಮಾತ್ರ ಅಪ್ಪನನ್ನು ಸೋಲಿಸಲು ಆಗುತ್ತಿರಲಿಲ್ಲ. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಇಂಜಿನಿಯರ್ ಅವನು. ಗೆರೆಯೇ ಅವನ ಅನ್ನ. ಬುಕ್‌ಪ್ಲೇಟ್ ಅಚ್ಚಾಗುವುದು ಕಪ್ಪು ಬಣ್ಣ ಒಂದರಲ್ಲೇ. ಹಾಗಿದ್ದಮೇಲೆ ಗುರಾಣಿಯ ಯಾವ ಭಾಗ ಕೆಂಪು, ಯಾವುದು ನೀಲಿ ಎಂದು ತಿಳಿಯುವುದು ಹೇಗೆ? ಅದಕ್ಕೇ ಅವರೊಂದು ಉಪಾಯ ಮಾಡಿಕೊಂಡಿದ್ದರು. ಉದ್ದುದ್ದ ಗೆರೆ ಎಳೆದಿದ್ದರೆ ಅಲ್ಲಿ ಕೆಂಪು. ಅಡ್ಡಡ್ಡ ಎಳೆದಿದ್ದರೆ ನೀಲಿ. ಚುಕ್ಕೆ ಇಟ್ಟಿದ್ದರೆ ಚಿನ್ನ. ಮಕ್ಕಳಿಗೆ ಬೇರೆ ಅಪ್ಪಂದಿರು ಮಗ್ಗಿ ಕಲಿಸುವ ಹಾಗೆ ನಮ್ಮಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ಕಲಿಸಿದ. ಭೂತಗನ್ನಡಿ ಕೊಟ್ಟು, ಇದು ಯಾವ ಬಣ್ಣ, ಇದು, ಮತ್ತೆ ಇದು, ಎಂದು ಕೇಳುತ್ತಿದ್ದ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಆಗ ನನಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಏನು, ಬೇಕಾಗಿರಲಿಲ್ಲ.

ಆ ಕೋಣೆಯ ಜಮೀನ್ದಾರರಲ್ಲೆಲ್ಲ ಅಪ್ಪನಿಗೆ ಅಚ್ಚುಮೆಚ್ಚಿನವರು ಥಾರ್ನ್‌ಕೂಂಬ್ ಮನೆಯವರು. ಡೆಟ್ರಾಯಿಟ್ ಪಕ್ಕದ ಗ್ರೋಸ್ ಪಾಯಿಂಟ್‌ನ ಒಂದು ಮನೆಯಲ್ಲಿ ಅವರ ಪುಸ್ತಕಗಳು ಒಟ್ಟಿಗೇ ಸಿಕ್ಕಿದ್ದವು. ಬೆಳಗಾಗುವ ಮೊದಲೇ ನಮ್ಮನ್ನು ಕಾರಿಗೆ ಹತ್ತಿಸಿಕೊಂಡು ಅಪ್ಪ ಅಷ್ಟು ದೂರ ಡ್ರೈವ್ ಮಾಡಿದ್ದ. ಬರುವಾಗ ಡಿಕ್ಕಿ ತುಂಬಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕವೆಲ್ಲ ತುಂಬಿ, ಉಳಿದ ಒಂದು ಡಬ್ಬವನ್ನು ಅಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಮಿಶಿಗನ್ ದಾಟುವವರೆಗೂ ಮಾತಾಡದೆ ಕೂತಿದ್ದಳು. ಥಾರ್ನ್‌ಕೂಂಬ್ ಮನೆಯ ಗುರುತು, ಕೆಂಪು ಗುರಾಣಿಯಲ್ಲಿ ಮೂರು ಚಿನ್ನದ ಕೊಕ್ಕರೆ. ಕೆಳಗಿನ ಲ್ಯಾಟಿನ್ ಮಾತಿಗೆ 'ನಿಂತೇ ಇರುವೆನು' ಎಂದು ಅಪ್ಪ ಅರ್ಥ ಹೇಳುತ್ತಿದ್ದ. ತಾತನ ಕಾಲದ್ದು, ಮಗನ ಕಾಲದ್ದು, ಮೊಮ್ಮಗನದ್ದು ಎಂದು ಬುಕ್‌ಪ್ಲೇಟ್ ಸ್ವಲ್ಪ ಸ್ವಲ್ಪ ಬದಲಾಗುತ್ತ ಹೋಗಿತ್ತು. ಮೊಮ್ಮಗ ಎಡ್ಮಂಡ್ ಮದುವೆಯಾದ ಹುಡುಗಿಗೆ ಅಣ್ಣತಮ್ಮಂದಿರು ಇರಲಿಲ್ಲ. ಅಂಥ ಮಗಳು ತನ್ನ ತವರಿನ ಗುರಾಣಿಯನ್ನು ಜೊತೆಗೇ ತರುತ್ತಾಳೆ. ಗಂಡ ಅದನ್ನು ತನ್ನ ಗುರಾಣಿಯ ನಟ್ಟನಡುವೆ ಚಿಕ್ಕದಾಗಿ ಇಟ್ಟುಕೊಳ್ಳಬೇಕು. ಹಾಗಾಗಿ ಕೊಕ್ಕರೆಗಳ ಮಧ್ಯೆ ಒಂದು ಪುಟ್ಟ ನೀಲಿ ಗುರಾಣಿ, ಅದರಲ್ಲೊಂದು ಚಿನ್ನದ ಟೊಂಗೆ ಬಂದು ಕೂತಿತ್ತು. ಇದನ್ನೆಲ್ಲ ಅಪ್ಪ ರಾತ್ರಿ ಊಟದ ಹೊತ್ತಿಗೆ, ನಂಜನಗೂಡಿನ ಸಂಬಂಧಿಕರ ಸುದ್ದಿಯಂತೆ ಹೇಳುತ್ತಿದ್ದ.

"ಈ ಎಡ್ಮಂಡ್ ಇದ್ದಾನಲ್ಲ, ಹೆಂಡತಿ ಅಂದ್ರೆ ಪ್ರಾಣ ಅವನಿಗೆ."

"ಅವನ್ನ ನೋಡಿ ಕಲೀರಿ. ಸಾರು ತಣ್ಣಗಾಗ್ತಿದೆ, ಮೊದ್ಲು ಊಟ ಮಾಡಿ. ಎಡ್ಮಂಡ್ ಏನು ಎದ್ದು ಹೋಗಲ್ಲ."

ಎಡ್ಮಂಡನಿಗೆ ಒಬ್ಬಳೇ ಮಗಳು, ಹ್ಯಾರಿಯೆಟ್. ಮದುವೆಯಾಗಲಿಲ್ಲ. ಅವಳಲ್ಲಿಗೆ ಆ ಮನೆತನ ಮುಗಿಯಿತು. ಅವಳ ಬುಕ್‌ಪ್ಲೇಟ್ ನೋಡಿದ ದಿನ ನನಗೆ ಸಿಟ್ಟು ಬಂದದ್ದು ಇನ್ನೂ ನೆನಪಿದೆ. ಕೊಕ್ಕರೆಗಳಿದ್ದವು, ಪಕ್ಕದಲ್ಲಿ ಅವಳ ಅಮ್ಮನ ಕಡೆಯ ನೀಲಿಯೂ ಇತ್ತು. ಗುರಾಣಿ ಮಾತ್ರ ಇರಲಿಲ್ಲ. ಅದರ ಬದಲು ಗಾಳಿಪಟದ ಹಾಗೆ ಮೂಲೆ ಮೇಲಾದ ಒಂದು ಚೌಕ. ಹೆಂಗಸರು ಯುದ್ಧಕ್ಕೆ ಹೋಗುವುದಿಲ್ಲ, ಅದಕ್ಕೇ ಅವರಿಗೆ ಗುರಾಣಿ ಕೊಡುವುದಿಲ್ಲ, ಅದು ರೂಲ್, ಎಂದ ಅಪ್ಪ. ಎಡ್ಮಂಡ್ ಯಾವ ಯುದ್ಧಕ್ಕೆ ಹೋಗಿದ್ದ ಎಂದು ಕೇಳಿದೆ. ನನಗೆ ಗುರಾಣಿಯೇ ಬೇಕು ಎಂದು ಅವತ್ತು ಊಟ ಬಿಟ್ಟು ಕೂತೆ. ರೂಲ್ ಅಂದರೆ ರೂಲ್, ಎಂದ ಅಪ್ಪ. ಗೆರೆ ತಪ್ಪದ ಮನುಷ್ಯ.

ಎರಡನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ಅಜ್ಜಿ ಬಂದಳು, ಅಪ್ಪನ ಅಮ್ಮ. ಜಮೀನ್ದಾರರ ಕೋಣೆಯಲ್ಲೇ ಅವಳಿಗೆ ಹಾಸಿಗೆಯಾಯಿತು. ಮೊದಲ ದಿನವೇ ಅವಳು ಶೆಲ್ಫುಗಳನ್ನು ದಿಟ್ಟಿಸಿ, ಇಷ್ಟು ಜನರ ಮಧ್ಯೆ ನನಗೆ ನಿದ್ದೆ ಬಂದ ಹಾಗೆಯೇ ಎಂದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಹೀಗಾಗಿ ಇಡೀ ದಿನ ಅವಳ ಜೊತೆ ನಾನೊಬ್ಬಳೇ. ಹಸಿವಾದರೆ ಕನ್ನಡದಲ್ಲಿ ಕೇಳಿದರೇ ಅನ್ನ. 'ವಾಟರ್' ಅಂದರೆ ಅವಳಿಗೆ ಕಿವಿಯೇ ಕೇಳುತ್ತಿರಲಿಲ್ಲ. ಹದಿನೈದು ದಿನದಲ್ಲಿ ನನ್ನ ಬಾಯಿ ಬಿಚ್ಚಿತು, ಆಮೇಲೆ ಮುಚ್ಚಲೇ ಇಲ್ಲ ಎಂದು ಅಮ್ಮ ಈಗಲೂ ದೂರುತ್ತಾಳೆ. ಇವತ್ತು ನಾನು ಹೀಗೆ ಕೂತು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಅಜ್ಜಿ ಉಣಿಸಿದ್ದು. ನನಗೆ ಎಣ್ಣೆ ಹಚ್ಚಿ ತಲೆ ಬಾಚುವಾಗ, ಮೊಸರು ಕಲಸಿ ಕೈತುತ್ತು ಹಾಕುವಾಗ ಅವಳ ಕೈಯಲ್ಲಿದ್ದ ಪ್ರೀತಿಯನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಆದರೆ ಆ ಕೈಯ ಜೊತೆಗೇ ಒಂದು ಮಾತೂ ಬರುತ್ತಿತ್ತು.

"ಎಷ್ಟು ಚೂಟಿ ಮಗು. ಒಂದು ಗಂಡಾಗಿದ್ದಿದ್ರೆ ಮನೆತನಕ್ಕೊಂದು ಕುಡಿ ಆಗ್ತಿತ್ತು."

ಅವಳು ಇದನ್ನು ಬೈಗುಳವಾಗಿ ಹೇಳುತ್ತಿರಲಿಲ್ಲ. ಮಳೆ ಬರಬೇಕಿತ್ತು, ಬರಲಿಲ್ಲ ಅನ್ನುವ ಹಾಗೆ ಹೇಳುತ್ತಿದ್ದಳು. ಇನ್ನೊಂದು ಆಗಲಿ ಎಂದು ಅಮ್ಮನಿಗೆ ಸಂಜೆ ಸಂಜೆ ಬುದ್ಧಿ ಹೇಳುತ್ತಿದ್ದಳು. ಆಗೆಲ್ಲ ಅಮ್ಮ ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಭೂತಗನ್ನಡಿ ಒರೆಸುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅಮ್ಮ ಆಸ್ಪತ್ರೆಯಲ್ಲಿ ಇದ್ದು ಬಂದದ್ದು ನನಗೆ ಗೊತ್ತಿತ್ತು. ತಂಗಿಯೋ ತಮ್ಮನೋ ಬರುತ್ತಾನೆ ಎಂದು ತಂದಿಟ್ಟ ತೊಟ್ಟಿಲು ಯಾರೂ ಮಾತಾಡದೆ ಬೇಸ್‌ಮೆಂಟಿಗೆ ಇಳಿದದ್ದೂ ಗೊತ್ತಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬುದು ತಿಳಿಯುವ ವಯಸ್ಸಲ್ಲ. ತಿಳಿದದ್ದು ಇಷ್ಟೇ: ನಾನು ಸಾಲುತ್ತಿಲ್ಲ. ಹ್ಯಾರಿಯೆಟ್‌ಳ ಹಾಗೆ ನನ್ನಲ್ಲಿಗೆ ಎಲ್ಲ ಮುಗಿಯುತ್ತದೆ, ನನಗೂ ಗುರಾಣಿ ಇಲ್ಲ. ಅಜ್ಜಿಯ ಪಕ್ಕ ಮಲಗಿ, ನಾನು ಏನು ಮಾಡಿದರೆ ಸಾಕಾಗುತ್ತೇನೆ ಎಂದು ಯೋಚಿಸುತ್ತಿದ್ದೆ.

ನವರಾತ್ರಿ ಬಂತು. ಸರಸ್ವತಿ ಪೂಜೆಯ ದಿನ ಪುಸ್ತಕವನ್ನೆಲ್ಲ ದೇವರ ಮುಂದೆ ಇಟ್ಟುಬಿಡಬೇಕು, ವಿಜಯದಶಮಿಯವರೆಗೆ ಓದುವ ಹಾಗಿಲ್ಲ ಎಂದು ಅಜ್ಜಿ ಹೇಳಿದಾಗ ಜಗತ್ತಿನಲ್ಲಿ ಇಷ್ಟು ಒಳ್ಳೆಯ ಹಬ್ಬವೂ ಇದೆಯೇ ಅನ್ನಿಸಿತು. ನನ್ನ ಸ್ಕೂಲ್ ಬ್ಯಾಗನ್ನೇ ಮೊದಲು ಇಡುತ್ತೇನೆ ಎಂದೆ. ಅಪ್ಪ ಕೆಲಸಕ್ಕೆ ಹೊರಡುವಾಗ, ಒಂದೆರಡು ಪುಸ್ತಕ ಇಟ್ಟು ಪೂಜೆ ಮಾಡಮ್ಮ, ಎಂದು ಹೇಳಿ ಹೋಗಿದ್ದ. ಮನೆ ತುಂಬ ಪುಸ್ತಕ ಇಟ್ಟುಕೊಂಡು ಒಂದೆರಡು ಇಡುವುದು ಯಾವ ನ್ಯಾಯ? ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಅಜ್ಜಿ ಥಾರ್ನ್‌ಕೂಂಬ್ ಶೆಲ್ಫನ್ನು ಪೂರ್ತಿ ಖಾಲಿ ಮಾಡಿ, ಹಾಲಿನಲ್ಲಿ ಜಮಖಾನ ಹಾಸಿ, ಎಲ್ಲ ಪುಸ್ತಕದ ರಟ್ಟು ತೆಗೆದು ಸಾಲಾಗಿ ಇಟ್ಟಿದ್ದಳು. ಪಕ್ಕದ ಮನೆಯವರ ಮೆಟ್ಟಿಲ ಮೇಲಿನ ಕುಂಡದಿಂದ ಕೇಳದೆ ಕಿತ್ತ ಸೇವಂತಿಗೆಯೂ ಸಿದ್ಧವಾಗಿತ್ತು. ತಾತ ಹೋದಮೇಲೆ ಅಜ್ಜಿ ಕುಂಕುಮದ ಬಟ್ಟಲಿಗೆ ಕೈ ಹಾಕುತ್ತಿರಲಿಲ್ಲ.

"ನನ್ನ ಕೈಲಿ ಬೇಡ ಕಣೇ. ಹೆಣ್ಣುಮಗು ನೀನು, ನೀನಿಡು. ಇದೇನೇ ಇದು, ಇವರ ಮನೆದೇವರಾ?"

"ಮನೆದೇವರಲ್ಲ ಅಜ್ಜಿ, ಮನೆ ಗುರುತು. ಮೂರು ಕೊಕ್ಕರೆ. 'ನಿಂತೇ ಇರುವೆನು' ಅಂತ ಬರ್ದಿದೆ."

"ಮೀನು ಸಿಗೋವರ್ಗೂ ನಿಂತೇ ಇರತ್ತೆ, ಇನ್ನೇನ್ಮಾಡತ್ತೆ ಕೊಕ್ಕರೆ. ಸರಿ, ಇವನ್ಯಾರು?"

ನಾನು ಹೇಳುತ್ತ ಹೋದೆ. ಇವನು ಎಡ್ಮಂಡನ ತಾತ, ಇವನು ಅಪ್ಪ, ಇವನೇ ಎಡ್ಮಂಡ್, ಇವನ ಹೆಂಡತಿ ನೀಲಿ ಗುರಾಣಿಯವಳು. ಅಜ್ಜಿ ಒಬ್ಬೊಬ್ಬರದೂ ವಿಚಾರಿಸಿದಳು. ಕೊನೆಗೆ ಹ್ಯಾರಿಯೆಟ್ ಬಂದಳು.

"ಇವಳಿಗೆ ಮಕ್ಕಳು?"

"ಇಲ್ಲ. ಮದುವೆನೂ ಆಗ್ಲಿಲ್ಲ. ಅಣ್ಣ ತಮ್ಮ ಯಾರೂ ಇಲ್ಲ."

"ಅಯ್ಯೋ ಪಾಪ. ಹಾಗಾದ್ರೆ ಇವಳಿಗೆ ಮೊದ್ಲು ಇಡು. ಯಾರೂ ಇಲ್ಲದವಳಿಗೆ ನಾವಲ್ದೆ ಯಾರು ಇಡ್ತಾರೆ?"

ಅರಿಶಿನ ಕುಂಕುಮವನ್ನು ತಟ್ಟೆಯಲ್ಲಿ ಬೇರೆ ಬೇರೆಯಾಗಿ ನನ್ನ ಕೈಲೇ ನೀರಿನಲ್ಲಿ ಕಲಸಿಸಿ, ಒಂದೊಂದಕ್ಕೆ ಒಂದೊಂದು ಬೊಟ್ಟು ಸಾಕು ಎಂದು ಹೇಳಿ ಅಜ್ಜಿ ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ನನ್ನ ಬೆರಳು ಕೊಕ್ಕರೆಗಿಂತ ದಪ್ಪ. ಊದುಬತ್ತಿಯ ಉಳಿದ ಕಡ್ಡಿಯೊಂದನ್ನು ತೆಗೆದುಕೊಂಡೆ. ಅದನ್ನು ಅದ್ದಿ ಹ್ಯಾರಿಯೆಟ್‌ಳ ಮೇಲೆ ಬಗ್ಗಿದೆ. ಉದ್ದ ಗೆರೆಗಳು ಕಂಡವು. ಕೈಯಲ್ಲಿ ಕೆಂಪು ಇತ್ತು. ಒಂದೇ ಬೊಟ್ಟಿಗೆ ನಿಲ್ಲಲು ಮನಸ್ಸು ಬರಲಿಲ್ಲ. ಆ ಮಧ್ಯಾಹ್ನ ಎಷ್ಟು ಹೊತ್ತು ಹಾಗೆ ಹೊಟ್ಟೆಯ ಮೇಲೆ ಮಲಗಿಕೊಂಡು ಕೆಲಸ ಮಾಡಿದೆನೋ ಗೊತ್ತಿಲ್ಲ. ಅಷ್ಟು ಸುಖವಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಸಂಜೆ ಅಪ್ಪ ಅಮ್ಮ ಒಟ್ಟಿಗೇ ಬಂದರು. ಅಪ್ಪ ಶೂ ಬಿಚ್ಚಲು ಬಗ್ಗಿದವನು ಅಲ್ಲೇ ನಿಂತ. ದೀಪ, ಹೂವು, ಸಾಲು ಪುಸ್ತಕ, ಇನ್ನೂರು ವರ್ಷದಿಂದ ಒಂದು ಕಲೆ ಬೀಳದ ಕಾಗದಗಳ ಮೇಲೆಲ್ಲ ಕೆಂಪು, ಹಳದಿ. ನಮ್ಮಪ್ಪ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಮ್ಮಾ! ಏನು ಮಾಡಿಟ್ಟಿದೀಯಾ ಇದು? ಎಲ್ಲ ಹಾಳಾಯ್ತಲ್ಲ! ಇಂಥದ್ದು ಇನ್ನೊಂದು ಸೆಟ್ ಎಲ್ಲೂ ಇಲ್ಲ, ಗೊತ್ತಾ ನಿನಗೆ?"

ಅಜ್ಜಿ ಅಡುಗೆಮನೆಯಿಂದ ಬಂದಳು. ಮಗನ ಕೂಗಿಗೆ ಅವಳೇನೂ ಹೆದರಲಿಲ್ಲ.

"ಪೂಜೆ ಮಾಡಿದ್ದು ಹಾಳು ಮಾಡಿದ್ದಾ? ಯಾರದೋ ಮನೆತನ ಉಳಿಸ್ತೀನಿ ಅಂತ ಇಷ್ಟು ಒದ್ದಾಡ್ತೀಯಲ್ಲೋ, ನಿನ್ನ ಮನೆತನಕ್ಕೆ ಏನು ಮಾಡ್ದೆ? ಒಂದು ಗಂಡು ಮಗು ಆಗ್ಲಿ ಅಂತ ನಾನು ಬಾಯಿ ಬಡ್ಕೊಂಡಿದ್ದೇ ಬಂತು."

ಅಮ್ಮ ಕೋಟನ್ನೂ ಬಿಚ್ಚಿರಲಿಲ್ಲ. ಮೆಲ್ಲಗೆ ಮಾತಾಡಿದಳು.

"ಆಗಿತ್ತು ಅತ್ತೆ. ಗಂಡೇ. ಹೋದ ಚಳಿಗಾಲದಲ್ಲಿ ಹೊಟ್ಟೇಲೇ ಹೋಯ್ತು. ಇನ್ನು ನನಗೆ ಮಕ್ಕಳಾಗಲ್ಲ. ನೀವು ನೊಂದ್ಕೋತೀರಿ ಅಂತ ಇವರು ಹೇಳ್ಬೇಡ ಅಂದ್ರು, ನಾನು ಸುಮ್ನಿದ್ದೆ. ಇನ್ನು ಸುಮ್ನಿರೋಕೆ ನನ್ನ ಕೈಲಾಗಲ್ಲ."

ಅಜ್ಜಿ ಗೋಡೆ ಹಿಡಿದು ಕೂತಳು. ಅಪ್ಪನೂ ಜಮಖಾನದ ಮೇಲೆ ಕೂತ. ಸುಮ್ಮನೆ ಕೂರಲಾಗದೆ, ಎಲ್ಲಕ್ಕಿಂತ ಹತ್ತಿರವಿದ್ದ ಹ್ಯಾರಿಯೆಟ್‌ಳನ್ನು ಕೈಗೆ ತೆಗೆದುಕೊಂಡ. ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಚಿಕ್ಕ ಭೂತಗನ್ನಡಿ ಕಣ್ಣಿಗೆ ಹೋಯಿತು. ಆಮೇಲೆ ಎಡ್ಮಂಡ್. ಆಮೇಲೆ ಎಡ್ಮಂಡನ ಅಪ್ಪ. ಒಂದೊಂದನ್ನೂ ದೀಪದ ಹತ್ತಿರ ಹಿಡಿದು ನೋಡಿದ.

"ಪುಟ್ಟೀ, ಇದು ಯಾರು ಹಚ್ಚಿದ್ದು?"

"ನಾನು."

"ಅಜ್ಜಿ ಹೇಳಿಕೊಟ್ರಾ, ಎಲ್ಲೆಲ್ಲಿ ಏನು ಹಚ್ಬೇಕು ಅಂತ?"

"ಇಲ್ಲ. ಉದ್ದ ಗೆರೆಗೆ ಕುಂಕುಮ. ಚುಕ್ಕೆಗೆ ಅರಿಶಿನ."

"ಎಡ್ಮಂಡನ ಈ ನಡುವಿಂದು ಯಾಕೆ ಬಿಟ್ಟಿದೀಯಾ?"

"ಅದು ಅಡ್ಡ ಗೆರೆ, ನೀಲಿ. ತಟ್ಟೇಲಿ ನೀಲಿ ಇರ್ಲಿಲ್ಲ."

ಅಪ್ಪ ನಕ್ಕನೋ ಅತ್ತನೋ, ಎರಡೂ ಒಟ್ಟಿಗೇ ಬಂದಂತಿತ್ತು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮುಖ ಒರೆಸಿಕೊಂಡು, ಅಜ್ಜಿಯ ಕಡೆ ತಿರುಗಿದ.

"ಒಂದೂ ತಪ್ಪಿಲ್ಲ ಕಣಮ್ಮ. ಒಂದೇ ಒಂದು ಗೆರೆ ತಪ್ಪಿಲ್ಲ. ಹೇಳು, ಇವತ್ತು ಮನೆ ಪೂಜೆ ಯಾರ ಕೈಲಿ ಮಾಡಿಸ್ದೆ ನೀನು?"

ಅಜ್ಜಿ ನನ್ನ ಕೈ ನೋಡಿದಳು. ಉಗುರೆಲ್ಲ ಕೆಂಪು, ಅಂಗೈ ಹಳದಿ. ಆಮೇಲೆ ಎದ್ದು ಹೋಗಿ ಅಮ್ಮನ ಕೋಟನ್ನು ಅವಳೇ ಬಿಚ್ಚಿದಳು.

"ನನಗೊಂದು ಮಾತು ಹೇಳೋದಲ್ವೇನೇ? ಅಷ್ಟು ದೊಡ್ಡ ದುಃಖ ಒಬ್ಬಳೇ ನುಂಗ್ಕೊಂಡು, ದಿನಾ ನನ್ನ ಮಾತು ಬೇರೆ ಕೇಳಿಸ್ಕೊಂಡಲ್ಲೇ ತಾಯಿ."

ಅವತ್ತು ಅಮ್ಮನಿಗೆ ಮೊದಲು ಬಡಿಸಿದವಳು ಅಜ್ಜಿ. ಮಗನಿಗಿಂತ ಮೊದಲು. ಆಮೇಲೆ ಆ ಮನೆಯಲ್ಲಿ ಗಂಡಾಗಿದ್ದಿದ್ದರೆ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಪುಸ್ತಕ ಎತ್ತುವಾಗ ಅಜ್ಜಿ ಹೊಸ ತಕರಾರು ತೆಗೆದಳು. ಊರವರಿಗೆಲ್ಲ ಗುರುತಿದೆ, ನನ್ನ ಮೊಮ್ಮಗಳಿಗೆ ಎಲ್ಲಿ? ಅಪ್ಪ ಖುಷಿಯಾಗಿ ಪೆನ್ಸಿಲ್ ಹಿಡಿದು ಕೂತ. ಗಂಡಭೇರುಂಡ ಬರೆಯಲೇ ಎಂದ. ಮಹಾರಾಜರದ್ದು ನಮಗೇಕೆ ಎಂದಳು ಅಜ್ಜಿ. ಸಿಂಹ? ಯಾರು ನೋಡಿದ್ದಾರೆ ಸಿಂಹ?

"ಸೌಟು ಬರಿ. ನಿಮ್ಮಪ್ಪ ಸೌಟು ಹಿಡಿದು ತಾನೆ ನಿನ್ನ ಓದಿಸಿದ್ದು."

ಅಪ್ಪನ ಪೆನ್ಸಿಲ್ ನಿಂತಿತು. ತಾತ ಮೈಸೂರು ಸೀಮೆಯ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು ಎಂದು ನನಗೆ ಗೊತ್ತಾದದ್ದೇ ಆಗ. ಕನ್ನಡದವರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ಕೇಳಿದರೆ, ಅಪ್ಪ 'ಕ್ಯಾಟರಿಂಗ್ ಬಿಸಿನೆಸ್' ಎಂದು ಮಾತು ತೇಲಿಸುತ್ತಿದ್ದ. ಈಗನ್ನಿಸುತ್ತದೆ, ತನ್ನ ಅಪ್ಪನ ಹೆಸರು ಹೇಳಲು ನಾಲಗೆ ಏಳದ ಮನುಷ್ಯ ಅಷ್ಟು ದೂರ ಹೋಗಿ ಎಡ್ಮಂಡನ ಅಪ್ಪನನ್ನು ಹುಡುಕಿಕೊಂಡಿದ್ದ. ಅವನ ಮೇಲೆ ಇದಕ್ಕಾಗಿ ನನಗೆ ಸಿಟ್ಟಿಲ್ಲ, ಅಯ್ಯೋ ಅನ್ನಿಸುತ್ತದೆ. ಅವತ್ತು ಅಪ್ಪ ತಲೆ ಬಗ್ಗಿಸಿ ಸೌಟು ಬರೆದ. ಉದ್ದ ಹಿಡಿಯ, ದೊಡ್ಡ ಬಾಯಿಯ, ಹಂಡೆಯ ತಳ ಮುಟ್ಟುವ ಸೌಟು. ನೋಡಿ ಬರೆಯಲು ಎದುರಿಗೆ ಏನೂ ಇರಲಿಲ್ಲ, ಆದರೂ ಅಜ್ಜಿ ಅದನ್ನು ನೋಡಿ, ಅವರದ್ದೇ, ಎಂದಳು. ಸೌಟಿನ ಸುತ್ತ ಅಪ್ಪ ಗಾಳಿಪಟದ ಚೌಕ ಎಳೆಯಲು ಹೊರಟಾಗ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ತಡೆದಳು.

"ಮಗು ಗುರಾಣಿ ಬೇಕು ಅಂತ ನನ್ಹತ್ರ ಹೇಳ್ತಿತ್ತು, ಅದೇ ಹಾಕ್ಕೊಡು."

"ಅದು ರೂಲ್ ಅಲ್ಲಮ್ಮ."

"ರೂಲ್ ಮಾಡ್ದೋರು ಇಲ್ಲಿಗೆ ಬಂದು ನೋಡ್ತಾರಾ?"

ಅಪ್ಪ ರಬ್ಬರ್ ತೆಗೆದುಕೊಂಡ. ಗೆರೆ ತಪ್ಪದ ಆ ಮನುಷ್ಯ, ಜೀವಮಾನದಲ್ಲಿ ಒಂದೇ ಸಲ, ನನಗಾಗಿ ತಪ್ಪಿದ. ಕೆಂಪು ಗುರಾಣಿ, ಚಿನ್ನದ ಸೌಟು, ಕೆಳಗೆ ನನ್ನ ಹೆಸರು, ನಳಿನಿ.

ಈಗ ನಾನು ಸ್ಕೋಕಿಗೆ ಹೆಚ್ಚು ದೂರವಲ್ಲದ ಬೋಲಿಂಗ್‌ಬ್ರೂಕ್‌ನಲ್ಲಿದ್ದೇನೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಅಪ್ಪನೂ ಹೋದ. ಜಮೀನ್ದಾರರು ನನ್ನ ಬೇಸ್‌ಮೆಂಟಿಗೆ ಬಂದಿದ್ದಾರೆ. ನಾನು ಮದುವೆಯಾಗಲಿಲ್ಲ, ನನಗೆ ಮಕ್ಕಳಿಲ್ಲ. ಇದನ್ನು ಕೊರಗಾಗಿ ಬರೆಯುತ್ತಿಲ್ಲ. ಆದರೂ ನನ್ನ ನಂತರ ಈ ಮನೆಯಲ್ಲೂ ಒಂದು ಶನಿವಾರ ಎಸ್ಟೇಟ್ ಸೇಲ್ ನಡೆಯುತ್ತದೆ, ಯಾರೋ ರಟ್ಟು ತೆಗೆದು ಕೊಕ್ಕರೆಗಳನ್ನೂ ಸೌಟನ್ನೂ ನೋಡಿ ತಲೆ ಕೆರೆದುಕೊಳ್ಳುತ್ತಾರೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಅಮ್ಮ ನನ್ನ ಜೊತೆಗಿದ್ದಾಳೆ. ಮೊಣಕಾಲು ನೋವು, ಮಾತು ಅಷ್ಟೇ ಹರಿತ. ಅಪ್ಪ ಹೋದಮೇಲೆ ಅವಳೂ ಅಜ್ಜಿಯ ಹಾಗೇ ಕುಂಕುಮದ ಬಟ್ಟಲನ್ನು ದೂರ ಇಟ್ಟಿದ್ದಳು. ಬೇಡಮ್ಮ ಈ ಪದ್ಧತಿ ಎಂದು ನಾನು ಜಗಳವಾಡಿದ್ದೇನೆ, ಕೇಳಿರಲಿಲ್ಲ. ಹೋದ ಸರಸ್ವತಿ ಪೂಜೆಗೆ ಎಂದಿನಂತೆ ಪುಸ್ತಕ ಸಾಲಾಗಿಟ್ಟು ಊದುಬತ್ತಿಯ ಕಡ್ಡಿ ಹಿಡಿದು ಕೂತಿದ್ದೆ. ಅಮ್ಮ ಸೋಫಾದಿಂದಲೇ ಕೇಳಿದಳು.

"ಹ್ಯಾರಿಯೆಟ್‌ಗೆ ಇಟ್ಯೇನೇ?"

"ಅವಳಿಗೇ ಮೊದ್ಲು ಇಟ್ಟೆ ಅಮ್ಮ."

"ನಿನಗೆ?"

ಎಲ್ಲರದೂ ಮುಗಿದಿತ್ತು. ಕೊನೆಯಲ್ಲಿ ನನ್ನ ಪುಸ್ತಕ, ರಟ್ಟಿನೊಳಗೆ ಅಂಟಿಸಿದ ಅಪ್ಪನ ಸೌಟು. ನಾನು ಕಡ್ಡಿ ಅದ್ದುವಷ್ಟರಲ್ಲಿ ಅಮ್ಮ ಗೋಡೆ ಹಿಡಿದು ಎದ್ದು ಬಂದಳು, ಕಷ್ಟಪಟ್ಟು ಪಕ್ಕದಲ್ಲಿ ಕೂತಳು, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಕೊಡು ಇಲ್ಲಿ. ನಿನಗೆ ನಾನಿಡ್ತೀನಿ."

ಮೊದಲು ಸೌಟಿಗೆ ಇಟ್ಟಳು. ಆಮೇಲೆ ಅದೇ ಬೆರಳಿನಿಂದ ನನ್ನ ಹಣೆಗೆ.